ತಡ ಮಾಡಿದವರು ಒಬ್ಬರು, ದಂಡ ತೆತ್ತವರು ಇನ್ನೊಬ್ಬರು

ನಿನ್ನೆ ಸಂಜೆ ಐದು ಸ್ವತಂತ್ರ ರಾಕ್ ತಂಡಗಳು ಒಂದೇ ವೇದಿಕೆಯಲ್ಲಿ ನುಡಿಸಿದ್ದನ್ನು ಕೇಳಿ ಬಂದೆ. ಸಂತೋಷದಿಂದ ಮಲಗಬೇಕಾಗಿದ್ದವನಿಗೆ ಸಿಟ್ಟಿನಿಂದ ನಿದ್ದೆಯೇ ಹತ್ತಲಿಲ್ಲ. ಮೊದಲು ವೇದಿಕೆ ಏರಿದ್ದು ಗಿಟಾರ್, ಬೇಸ್, ಡ್ರಮ್ಸ್ ಮಾತ್ರ ಇದ್ದ ಮೂವರ ತಂಡ. ಅವರಿಗೆ ಗೊತ್ತುಮಾಡಿದ್ದ ಅವಧಿ 30 ನಿಮಿಷ. ಮೂರನೆಯ ಹಾಡಿನಲ್ಲಿ ಡ್ರಮ್ಸ್ ತನ್ನ ಲಯವನ್ನು ಅರ್ಧಕ್ಕಿಳಿಸಿ, ಬೇಸ್ ಒಂದೇ ಸ್ವರವನ್ನು ಹಿಡಿದು ನಿಂತು, ಅದರ ಮೇಲೆ ಗಿಟಾರ್ ನಿಧಾನವಾಗಿ ಏರತೊಡಗಿದ್ದ ಘಟ್ಟದಲ್ಲಿ, ವೇದಿಕೆಯ ಬದಿಯಿಂದ ಒಬ್ಬರು ಕೈಬೀಸಿ ಮುಗಿಸುವಂತೆ ಸನ್ನೆ ಮಾಡಿದರು. ಅವರು ನುಡಿಸಲು ತೊಡಗಿ ಆಗ ಕಾಲು ಗಂಟೆಯಾಗಿತ್ತಷ್ಟೆ. ಕಾರ್ಯಕ್ರಮ ತಡವಾಗಿತ್ತು, ನಿಜ. ಆ ತಡಕ್ಕೆ ಕಾರಣ ಅವರಾಗಿರಲಿಲ್ಲ.

ನನ್ನನ್ನು ಬಲ್ಲವರಿಗೆ ಗೊತ್ತಿರುವಂತೆ, ಬಾಗಿಲು ತೆರೆಯುವ ಮೊದಲೇ ಹೋಗಿ ವಾದ್ಯಗಳ ಸದ್ದನ್ನೆಲ್ಲ ಹೊಂದಿಸುವ ಮಿಕ್ಸರ್ ಪಕ್ಕದಲ್ಲಿ ನಿಲ್ಲುವುದು ನನ್ನ ಹಳೆಯ ಅಭ್ಯಾಸ. ಹೀಗಾಗಿ ತಡ ಎಲ್ಲಿ ಹುಟ್ಟಿತೆಂಬುದನ್ನು ಕಣ್ಣಾರೆ ಕಂಡೆ. ಹಲವು ತಂಡಗಳಿರುವ ಸಂಜೆಯಲ್ಲಿ ಸೌಂಡ್ ಚೆಕ್ ಸಾಮಾನ್ಯವಾಗಿ ಹಿಂದುಮುಂದಾಗಿ ನಡೆಯುತ್ತದೆ. ಕೊನೆಯಲ್ಲಿ ನುಡಿಸುವವರು ಮೊದಲು ಧ್ವನಿ ಪರೀಕ್ಷಿಸುತ್ತಾರೆ, ಮೊದಲು ನುಡಿಸುವವರು ಕೊನೆಗೆ. ಮೊದಲ ತಂಡದ ವಾದ್ಯಗಳು ಜೋಡಿಸಿದ ಹಾಗೆಯೇ ವೇದಿಕೆಯಲ್ಲಿ ಉಳಿಯಲಿ ಎಂಬುದು ಇದರ ಉದ್ದೇಶ, ಮತ್ತು ಅದು ಒಳ್ಳೆಯ ಕ್ರಮವೇ. ಆದರೆ ಈ ಕ್ರಮದಲ್ಲಿ ಕೊನೆಯ ತಂಡ ತನ್ನ ಸರದಿಯನ್ನು ಒಂದು ಗಂಟೆ ಎಳೆದರೆ, ಆ ಗಂಟೆ ಒಬ್ಬೊಬ್ಬರನ್ನೇ ದಾಟಿಕೊಂಡು ಬಂದು ಮೊದಲ ತಂಡದ ತಲೆಯ ಮೇಲೆ ಬೀಳುತ್ತದೆ. ನಿನ್ನೆ ಆದದ್ದು ಅದೇ. ಕೊನೆಗೆ ನುಡಿಸಬೇಕಿದ್ದ ಪ್ರಮುಖ ತಂಡದವರು ತಡವಾಗಿ ಬಂದರು, ವಾದಕರ ಕಡೆ ತಿರುಗಿಸಿಟ್ಟ ಸ್ಪೀಕರ್ ಆದ ಮಾನಿಟರ್‌ನಲ್ಲಿ ತಮ್ಮ ಧ್ವನಿ ಸರಿಯಿಲ್ಲವೆಂದು ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿದರು. ಮೂವರ ತಂಡದ ಸರದಿ ಬರುವಷ್ಟರಲ್ಲಿ ಜನ ಒಳಗೆ ಬರತೊಡಗಿದ್ದರು. ಅವರಿಗೆ ಸಿಕ್ಕಿದ್ದು ಲೈನ್ ಚೆಕ್ ಮಾತ್ರ, ಅಂದರೆ ತಂತಿಗಳಲ್ಲಿ ಸದ್ದು ಹರಿಯುತ್ತಿದೆಯೇ ಎಂದು ನೋಡುವಷ್ಟು ಹೊತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ ಅಲ್ಲವೇ?

ಇಷ್ಟಾದ ಮೇಲೂ ಅವರ 30 ನಿಮಿಷವನ್ನಾದರೂ ಬಿಟ್ಟುಕೊಡಬಹುದಿತ್ತು. ಮೊದಲು ನುಡಿಸುವವರ ಕಷ್ಟ ಬೇರೆಯವರದಕ್ಕಿಂತ ಹೆಚ್ಚಿನದು. ಖಾಲಿ ಸಭಾಂಗಣದಲ್ಲಿ ಹೊಂದಿಸಿದ ಧ್ವನಿ ಜನ ತುಂಬಿದ ಮೇಲೆ ಹಾಗೆಯೇ ಉಳಿಯುವುದಿಲ್ಲ. ಜನರ ಮೈ ಮತ್ತು ಬಟ್ಟೆ ಸದ್ದನ್ನು, ಅದರಲ್ಲೂ ಮೇಲಿನ ಸ್ಥಾಯಿಯ ಸದ್ದನ್ನು, ಹೀರಿಕೊಳ್ಳುತ್ತವೆ. ಸೌಂಡ್ ಎಂಜಿನಿಯರ್ ಆ ಕೋಣೆಯ ಗುಣವನ್ನು ಅರಿಯುವುದೇ ಮೊದಲ ತಂಡದ ಮೊದಲ ಹಾಡುಗಳ ಮೇಲೆ. ನಿನ್ನೆಯೂ ಮೊದಲ ಹಾಡಿನಲ್ಲಿ ಮಾತು ಮುಳುಗಿಹೋಗಿತ್ತು, ಎರಡನೆಯದರಲ್ಲಿ ಬೇಸ್ ಗುಂಯ್‌ಗುಡುತ್ತಿತ್ತು. ಮೂರನೆಯದಕ್ಕೆ ಎಲ್ಲವೂ ತಿಳಿಯಾಗಿ, ಅವರು ನಿಜವಾಗಿ ಎಂಥ ತಂಡವೆಂದು ಕೇಳಿಸತೊಡಗಿತು. ನಿಲ್ಲಿಸಿದ್ದು ಆಗಲೇ. ಅವರ ಹಾಡುಗಳನ್ನು ಬಳಸಿ ಸರಿಪಡಿಸಿಕೊಂಡ ಧ್ವನಿಯಲ್ಲಿ ಮುಂದಿನ ನಾಲ್ಕು ತಂಡಗಳು ನೆಮ್ಮದಿಯಿಂದ ನುಡಿಸಿದವು. ಕೊನೆಯ ತಂಡವಂತೂ ತನಗೆ ಗೊತ್ತುಮಾಡಿದ್ದ ಅವಧಿಯನ್ನು ಮೀರಿ ಎರಡು ಹಾಡುಗಳನ್ನು ಹೆಚ್ಚಿಗೆ ನುಡಿಸಿತು. ಆ ಎರಡು ಹಾಡುಗಳ ಹೊತ್ತು ಯಾರದು?

ಹೊರಗೆ ಬಂದು ಈ ಮಾತನ್ನೆತ್ತಿದಾಗ ಗೆಳೆಯರೊಬ್ಬರು, ಜನ ಟಿಕೆಟ್ ಕೊಂಡು ಬರುವುದು ಕೊನೆಯ ತಂಡಕ್ಕಾಗಿ, ಅವರ ಹೆಸರಿಲ್ಲದಿದ್ದರೆ ಉಳಿದ ನಾಲ್ವರಿಗೆ ವೇದಿಕೆಯೇ ಸಿಗುತ್ತಿರಲಿಲ್ಲ ಎಂದರು. ಜನ ಬರುವುದು ಹೆಸರಿಗಾಗಿ ಎಂಬುದನ್ನು ಒಪ್ಪುತ್ತೇನೆ. ಆದರೆ ಹೆಸರು ಎಲ್ಲಿಂದ ಬರುತ್ತದೆ? 1973ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಸಿಬಿಜಿಬಿ ಎಂಬ ಪುಟ್ಟ ಕ್ಲಬ್ಬಿನ ಮಾಲೀಕ ಹಿಲ್ಲಿ ಕ್ರಿಸ್ಟಲ್, ತಂಡಗಳು ತಮ್ಮದೇ ಹಾಡುಗಳನ್ನು ನುಡಿಸಬೇಕೆಂದು ಪಟ್ಟು ಹಿಡಿದಿದ್ದರು. ಅಲ್ಲಿ 1975ರಲ್ಲಿ ರಮೋನ್ಸ್‌ಗಿಂತ ಮೊದಲು ವೇದಿಕೆ ಏರಿದ, ಯಾರೂ ಕೇಳಿರದ ಹೊಸ ತಂಡವೇ ಮುಂದೆ ಹೆಸರಾದ ಟಾಕಿಂಗ್ ಹೆಡ್ಸ್. 1967ರಲ್ಲಿ ಮಂಕೀಸ್ ತಂಡದ ಪ್ರವಾಸದಲ್ಲಿ ಅವರಿಗಿಂತ ಮೊದಲು ನುಡಿಸುತ್ತಿದ್ದವರು ಮುಂದೆ ಜಗತ್ತೇ ಕೊಂಡಾಡಿದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್. ಪ್ರೇಕ್ಷಕರು ಮಂಕೀಸ್ ಬೇಕೆಂದು ಕೂಗುತ್ತಿದ್ದರು, ಕೆಲವೇ ಪ್ರದರ್ಶನಗಳ ನಂತರ ಹೆಂಡ್ರಿಕ್ಸ್ ಆ ಪ್ರವಾಸವನ್ನು ಬಿಟ್ಟುಹೋದರು. ನಿನ್ನೆಯ ಮೂವರು ನಾಳೆ ಅಷ್ಟು ದೊಡ್ಡವರಾಗುತ್ತಾರೆಂದು ನಾನು ಹೇಳುತ್ತಿಲ್ಲ. ದೊಡ್ಡವರಾಗದಿದ್ದರೂ ಅವರ 30 ನಿಮಿಷ ಅವರದೇ.

ಇನ್ನೊಂದು ಮಾತು ನನಗೆ ಇನ್ನೂ ಹೆಚ್ಚು ಸಿಟ್ಟು ತರಿಸುತ್ತದೆ. ರಾಕ್ ಸಂಗೀತಕ್ಕೆ ಗಡಿಯಾರದ ಹಂಗೇಕೆ, ಅಮೆರಿಕದ ಹೆಸರಾಂತ ಸಂಗೀತ ಉತ್ಸವ ವುಡ್‌ಸ್ಟಾಕ್ ಕೂಡ ತಡವಾಗಿಯೇ ನಡೆದದ್ದಲ್ಲವೇ ಎನ್ನುತ್ತಾರೆ. ಹೌದು, ತಡವಾಯಿತು. ಆದರೆ 1969ರ ಆಗಸ್ಟ್ 15ರಂದು ಅಲ್ಲಿ ಆದದ್ದೇನು? ಬೇರೆ ಕಲಾವಿದರು ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡಿದ್ದಾಗ ಮೊದಲು ವೇದಿಕೆಗೆ ಬಂದ ರಿಚಿ ಹೇವನ್ಸ್ ಅವರನ್ನು ಇನ್ನಷ್ಟು, ಇನ್ನಷ್ಟು ಹಾಡುವಂತೆ ಕೇಳಿಕೊಳ್ಳಲಾಯಿತು. ತಮ್ಮ ಹಾಡುಗಳು ಮುಗಿದಾಗ ಅವರು ನಿಂತಲ್ಲೇ ಹೊಸದನ್ನು ಕಟ್ಟಿ ಹಾಡಿದರು. ಅಲ್ಲಿ ತಡವನ್ನು ಹೊತ್ತು ಸಂಜೆಯನ್ನು ಉಳಿಸಿದ್ದು ಮೊದಲು ಹಾಡಿದವರು. ತಡದ ಬೆಲೆ ತೆತ್ತವರು ಕೊನೆಯವರು: ಭಾನುವಾರ ಮುಗಿಯಬೇಕಾಗಿದ್ದ ಉತ್ಸವದಲ್ಲಿ ಹೆಂಡ್ರಿಕ್ಸ್ ನುಡಿಸಿದ್ದು ಸೋಮವಾರ ಬೆಳಿಗ್ಗೆ, ಬಹುಪಾಲು ಜನ ಹೊರಟುಹೋದ ಮೇಲೆ. ಇನ್ನು ಗಡಿಯಾರದ ಮಾತು. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ನೆರವು ನಿಧಿಯ ಸಂಗೀತ ಕಾರ್ಯಕ್ರಮ ಲೈವ್ ಏಡ್‌ನಲ್ಲಿ ಸಾಲುಸಾಲು ಕಲಾವಿದರಿದ್ದರು. ಕ್ವೀನ್ ತಂಡ ಸುಮಾರು 20 ನಿಮಿಷಗಳ ಅವಧಿಗೆ ಹೊಂದುವಂತೆ ಮೊದಲೇ ತಾಲೀಮು ಮಾಡಿಕೊಂಡು ಬಂದು ನುಡಿಸಿದ್ದನ್ನು ಜನ ಇಂದಿಗೂ ನೆನೆಯುತ್ತಾರೆ. ಸಮಯದ ಮಿತಿ ಅವರ ಸಂಗೀತದ ಕಾವನ್ನು ಎಲ್ಲಿ ಕಡಿಮೆ ಮಾಡಿತು?

ನಾನು ಹಿಂದೆ ಬೇಸ್ ನುಡಿಸುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಏಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಕೆಲಸದ ಒತ್ತಡ ಎಂದು ಹೇಳುತ್ತ ಬಂದಿದ್ದೇನೆ. ಅದು ಅರ್ಧ ಸತ್ಯ. ತಿಂಗಳುಗಟ್ಟಲೆ ತಿದ್ದಿ ಕಟ್ಟಿದ ಹಾಡೊಂದನ್ನು ನಾವು ಮೊದಲ ಬಾರಿಗೆ ನುಡಿಸುತ್ತಿದ್ದಾಗ, ಅದು ಮುಗಿಯುವ ಮೊದಲೇ ಮೈಕ್ ಆರಿಸಿದರು. ಅಂದು ಕೂಡ ತಡ ನಮ್ಮದಾಗಿರಲಿಲ್ಲ. ನಮ್ಮ ಗಾಯಕ ಮೈಕ್ ಇಲ್ಲದೆಯೇ ಆ ಸಾಲನ್ನು ಮುಗಿಸಿದ. ಆ ಹಾಡನ್ನು ನಾವು ಮತ್ತೆಂದೂ ನುಡಿಸಲಿಲ್ಲ. ನಿನ್ನೆ ಆ ಗಿಟಾರ್ ವಾದಕಿ ತಲೆ ತಗ್ಗಿಸಿ ಕೇಬಲ್ ಸುತ್ತುತ್ತಿದ್ದುದನ್ನು ನೋಡಿದಾಗ ನನ್ನ ಗಂಟಲು ಕಟ್ಟಿತು.

ಆಯೋಜಕರ ಶ್ರಮವನ್ನು ಅಲ್ಲಗಳೆಯುತ್ತಿಲ್ಲ. ಐದು ತಂಡಗಳನ್ನು ಒಂದು ಸಂಜೆಯಲ್ಲಿ ಹಿಡಿಸುವುದು ಸುಲಭವಲ್ಲ. ಆದರೆ ಸಮಯ ಉಳಿಸುವ ದಾರಿಗಳು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಒಂದೇ ಡ್ರಮ್ ಕಿಟ್ ಮತ್ತು ಬೇಸ್ ಆಂಪ್ ಎಲ್ಲರಿಗೂ ಸಾಕು, ಡ್ರಮ್ಮರ್‌ಗಳು ತಮ್ಮ ಸ್ನೇರ್, ಸಿಂಬಲ್, ಪೆಡಲ್‌ಗಳನ್ನಷ್ಟೇ ತರಬಹುದು. ಡಿಜಿಟಲ್ ಮಿಕ್ಸರ್‌ನಲ್ಲಿ ಪ್ರತಿ ತಂಡದ ಹೊಂದಾಣಿಕೆಯನ್ನು ಉಳಿಸಿಟ್ಟು, ಅವರ ಸರದಿ ಬಂದಾಗ ಮರಳಿ ತೆರೆಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ತಂಡಗಳೊಂದಿಗೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ: ಸೌಂಡ್ ಚೆಕ್‌ನಲ್ಲಿ ಯಾವ ತಂಡ ಎಷ್ಟು ನಿಮಿಷ ಹೆಚ್ಚು ತೆಗೆದುಕೊಳ್ಳುತ್ತದೆಯೋ, ಅಷ್ಟು ನಿಮಿಷ ಅದೇ ತಂಡದ ಪ್ರದರ್ಶನದಿಂದ ಕಡಿತವಾಗುತ್ತದೆ. ನಿನ್ನೆಯ ಆಯೋಜಕರಲ್ಲಿ ಇಬ್ಬರು ನನ್ನ ಸ್ನೇಹಿತರ ಪಟ್ಟಿಯಲ್ಲಿದ್ದಾರೆ, ಇದನ್ನು ಖಂಡಿತ ಓದುತ್ತಾರೆ. ಆ ಮೂವರಿಗೆ ನೀವು 15 ನಿಮಿಷ ಬಾಕಿ ಉಳಿಸಿಕೊಂಡಿದ್ದೀರಿ. ಮುಂದಿನ ಕಾರ್ಯಕ್ರಮಕ್ಕೆ ಅವರನ್ನು ಕರೆಯಿರಿ, 45 ನಿಮಿಷ ಕೊಡಿ, ಸೌಂಡ್ ಚೆಕ್ ಕೂಡ ಮಾಡಿಸಿ. ಟಿಕೆಟ್ ಕೊಂಡು ನಾನು ಬರುತ್ತೇನೆ, ಈ ಬರಹವನ್ನು ಓದಿದವರಲ್ಲಿ ಕೆಲವರನ್ನಾದರೂ ಕರೆತರುತ್ತೇನೆ.