ಊರು ಬದಲಾಗಿದ್ದು ಬರೀ ಗುಂಡಿನಿಂದಲ್ಲ
ಹಳೆಯ ವೆಸ್ಟರ್ನ್ ಸಿನಿಮಾಗಳಲ್ಲಿ, ಅಂದರೆ ಅಮೆರಿಕದ ಪಶ್ಚಿಮ ಗಡಿನಾಡಿನ ಕತೆಗಳಲ್ಲಿ, ಕೋವಿ ಹಿಡಿದವನೇ ನಾಯಕ ಎಂದು ನಾನು ಓದಿದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಒಪ್ಪಲು ಮನಸ್ಸಾಗುತ್ತಿಲ್ಲ. ಜಾನ್ ಫೋರ್ಡ್ ಅವರ 1962ರ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲನ್ಸ್’ ನೋಡಿ. ವಕೀಲ ಸ್ಟೊಡಾರ್ಡ್ ಏಪ್ರನ್ ಕಟ್ಟಿಕೊಂಡು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾನೆ, ದೊಡ್ಡವರಿಗೂ ಮಕ್ಕಳಿಗೂ ಒಟ್ಟಿಗೇ ಅಕ್ಷರ ಕಲಿಸುತ್ತಾನೆ. ಕಪ್ಪು ವರ್ಣೀಯ ಪಾಂಪಿ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಒಪ್ಪಿಸುತ್ತಾ ‘ಎಲ್ಲರೂ ಸಮಾನರು’ ಎಂಬಲ್ಲಿಗೇ ತಡವರಿಸುತ್ತಾನೆ. ಆ ಭಾಗವನ್ನು ತುಂಬಾ ಜನ ಮರೆಯುತ್ತಾರೆ ಬಿಡು ಎನ್ನುತ್ತಾನೆ ಸ್ಟೊಡಾರ್ಡ್. ಎಂಥಾ ದೃಶ್ಯ ಅದು! ಊರವರು ಬಾರ್‌ನಲ್ಲಿ ಸೇರಿ ಪ್ರತಿನಿಧಿಗಳನ್ನು ಆರಿಸುವಾಗ ಅದೇ ಪಾಂಪಿ ಹೊರಗಿರುತ್ತಾನೆ. ಹಾಗಂತ ಊರಿನ ಕೋವಿಗಾರ ಡೋನಿಫನ್‌ನ ಕೋವಿ ಬೇಡವಾಗಿತ್ತು ಎನ್ನುತ್ತಿಲ್ಲ. ಕತ್ತಲಲ್ಲಿ ನಿಂತು ದುಷ್ಟ ದರೋಡೆಕೋರ ವ್ಯಾಲನ್ಸ್‌ನನ್ನು ಕೊಂದವನು ಅವನೇ. ಆದರೆ ಆ ಪಾಠಶಾಲೆ, ಆ ಚುನಾವಣೆ ಎರಡನ್ನೂ ಲೇಖನ ಕೈಬಿಟ್ಟಿದ್ದು ನನಗೆ ನಿಜಕ್ಕೂ ಬೇಸರ ತಂದಿತು.