ಹರ್ಬಿ ಫ್ಲವರ್ಸ್ ಹೋದರು. ಬೇಸ್ ನುಡಿಸುವವರ ಬಗ್ಗೆ ಒಂದಿಷ್ಟು ಮಾತು

ಹರ್ಬಿ ಫ್ಲವರ್ಸ್ ತೀರಿಕೊಂಡರು. 2024ರ ಸೆಪ್ಟೆಂಬರ್ 5, ಗೌರಿ ಹಬ್ಬದ ಹಿಂದಿನ ದಿನ. ಅವರಿಗೆ 86 ವರ್ಷ ಆಗಿತ್ತು. ಶಿವಮೊಗ್ಗದಲ್ಲಿ ನಮ್ಮಂಥ ಆರ್ಕೆಸ್ಟ್ರಾದವರಿಗೆ ವರ್ಷದ ದುಡಿಮೆ ಶುರುವಾಗೋದೇ ಆ ವಾರ. ಪೆಂಡಾಲ್, ಪ್ರಾಕ್ಟೀಸು, ಕಮಿಟಿಯವರ ಫೋನು. ಆ ಗಡಿಬಿಡಿಯಲ್ಲಿ ಸುದ್ದಿ ಸಿಕ್ಕಿತು. ಬರೆಯೋಕೆ ಪುರುಸೊತ್ತು ಆಗಿದ್ದು ಈಗ.

ನಿಮ್ಮಲ್ಲಿ ಹೆಚ್ಚಿನವರು ಅವರ ಹೆಸರು ಕೇಳಿರಲಿಕ್ಕಿಲ್ಲ. ಅವರು ಇಂಗ್ಲೆಂಡಿನ ಸೆಷನ್ ಬೇಸ್ ವಾದಕರು. ಬೇಸ್ ಅಂದರೆ ಹಾಡಿನ ತಳದ ಸ್ವರಗಳನ್ನು ನುಡಿಸೋ ದಪ್ಪ ತಂತಿಯ ವಾದ್ಯ. ಸೆಷನ್ ಅಂದರೆ, ಸ್ಟುಡಿಯೋದವರು ಕರೆದಾಗ ಹೋಗಬೇಕು, ಅವರು ಕೊಟ್ಟ ಹಾಡಿಗೆ ನುಡಿಸಬೇಕು, ಆ ಹೊತ್ತಿನ ದುಡ್ಡು ತಗೊಂಡು ಮನೆಗೆ ಬರಬೇಕು. ಹಾಡು ಹಿಟ್ ಆದರೂ ಅಷ್ಟೇ, ಬಿದ್ದುಹೋದರೂ ಅಷ್ಟೇ. ಫ್ಲವರ್ಸ್ ಏರ್‌ಫೋರ್ಸ್ ಬ್ಯಾಂಡಿನಲ್ಲಿ ಟ್ಯೂಬಾ ಅನ್ನೋ ದೊಡ್ಡ ಕಹಳೆ ಊದುತ್ತಿದ್ದವರು. ಅಲ್ಲೇ ಡಬಲ್ ಬೇಸ್, ಅಂದರೆ ನಿಲ್ಲಿಸಿಕೊಂಡು ನುಡಿಸೋ ದೊಡ್ಡ ಪಿಟೀಲಿನಂಥ ವಾದ್ಯ, ಕೈಗೆ ಬಂತು, ಆಮೇಲೆ ಬೇಸ್ ಗಿಟಾರ್. ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿಯ 1969ರ 'ಸ್ಪೇಸ್ ಆಡಿಟಿ' ಹಾಡಿನಲ್ಲಿ ಬೇಸ್ ಅವರದ್ದು. ಅಮೆರಿಕದ ಗಾಯಕ ಹ್ಯಾರಿ ನಿಲ್ಸನ್ ಅವರ 1971ರ ಒಂದು ಹಾಡಿನ ಕೊನೆಯಲ್ಲಿ, ರೆಕಾರ್ಡಿಂಗ್ ನಡೀತಿರುವಾಗಲೇ ತಂತಿಯ ಕೀಲಿ ಸಡಿಲ ಮಾಡಿದ್ದಾರೆ. ಶ್ರುತಿ ಇಳೀತಾ ಇಳೀತಾ ಹೋಗುತ್ತದೆ. ಅದನ್ನು ಹಾಗೇ ಉಳಿಸಿಕೊಂಡಿದ್ದಾರೆ. ಇಂಥ ಧೈರ್ಯ ಮಾಡೋಕೆ ಎದುರಿಗಿರುವವರ ಮೇಲೂ ನಂಬಿಕೆ ಬೇಕು.

ಆದರೆ ನಾನು ಹೇಳಬೇಕಾಗಿರೋದು 1972ರ ಒಂದೇ ಹಾಡಿನ ಬಗ್ಗೆ. ಅಮೆರಿಕದ ಗಾಯಕ ಲೂ ರೀಡ್ ಅವರ 'ವಾಕ್ ಆನ್ ದ ವೈಲ್ಡ್ ಸೈಡ್'. ಹಾಡು ಶುರುವಾಗೋದೇ ಬೇಸ್‌ನಿಂದ. ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪುಗಳು, ತೀರಾ ಸರಳ, ಸಿ ಮತ್ತು ಎಫ್ ನಡುವೆ ಓಡಾಟ. ಅದರ ಮೇಲೆ ಫ್ಲವರ್ಸ್ ಏನು ಮಾಡಿದರು ಅಂದರೆ, ಮೊದಲು ಡಬಲ್ ಬೇಸ್‌ನಲ್ಲಿ ಒಂದು ಸಾಲು ನುಡಿಸಿದರು. ಆಮೇಲೆ ಅದರ ಮೇಲೆ ಬೇಸ್ ಗಿಟಾರಿನಲ್ಲಿ ಇನ್ನೊಂದು ಸಾಲು ಕೂರಿಸಿದರು. ನಮ್ಮ ಸ್ವರದಲ್ಲಿ ಹೇಳೋದಾದರೆ, ಸಿ ಷಡ್ಜ ಅಂತ ಇಟ್ಟುಕೊಳ್ಳಿ. ಕೆಳಗಿನ ಬೇಸ್ ಷಡ್ಜದಿಂದ ಮಧ್ಯಮಕ್ಕೆ ಹೋಗುತ್ತದೆ. ಮೇಲಿನದು ಒಂದು ಸ್ಥಾಯಿ ಎತ್ತರದಲ್ಲಿ ಗಾಂಧಾರದಿಂದ ಧೈವತಕ್ಕೆ. ಎರಡೂ ಜಾರಿಕೊಂಡು ಹೋಗುತ್ತವೆ, ಜೊತೆಜೊತೆಗೆ. ಇಷ್ಟೇ. ನಾಲ್ಕು ಸ್ವರ. ಹಾರ್ಮೋನಿಯಂ ಇದ್ದವರು ಈಗಲೇ ಒತ್ತಿ ನೋಡಿ.

ಆ ನಾಲ್ಕು ಸ್ವರ ತೆಗೆದರೆ ಹಾಡಿನ ಗುರುತೇ ಹೋಗುತ್ತದೆ. ಎರಡು ವಾದ್ಯ ನುಡಿಸಿದ್ದಕ್ಕೆ ಎರಡರಷ್ಟು ಸಂಭಾವನೆ ಬಂತು ಅಂತ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಕೊರಗಿದವರಲ್ಲ. ಆದರೆ ಲೆಕ್ಕ ನೋಡಿ. 1990ರಲ್ಲಿ ಅಮೆರಿಕದ ಒಂದು ರಾಪ್ ತಂಡ ಅದೇ ಬೇಸ್ ತುಣುಕನ್ನು ಎತ್ತಿಕೊಂಡು ಹೊಸ ಹಾಡು ಕಟ್ಟಿತು. ಅದೂ ಹಿಟ್. ದುಡ್ಡು ಹೋಗಿದ್ದು ಮೂಲ ಹಾಡು ಬರೆದ ರೀಡ್ ಅವರಿಗೆ. ಎತ್ತಿಕೊಂಡಿದ್ದು ಫ್ಲವರ್ಸ್ ಬೆರಳಿನಿಂದ ಬಂದ ನಾದ.

ಅದೇ ಫ್ಲವರ್ಸ್ ಇನ್ನೊಬ್ಬರ ಜೊತೆ ಸೇರಿ ಬರೆದ 'ಗ್ರ್ಯಾಂಡ್‌ಡ್ಯಾಡ್' ಅನ್ನೋ ಹಾಡು 1971ರಲ್ಲಿ ಇಂಗ್ಲೆಂಡಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅಜ್ಜನ ನೆನಪುಗಳ ಮುದ್ದಾದ ಹಾಡು, ಮಕ್ಕಳೂ ಹಾಡುವಂಥದ್ದು. ಅಲ್ಲಿ ಅವರು ಹಾಡು ಬರೆದವರು, ಹಾಗಾಗಿ ಹಕ್ಕು ಇತ್ತು. ರೀಡ್ ಹಾಡಿನಲ್ಲಿ ನುಡಿಸಿದವರು, ಹಾಗಾಗಿ ಕೂಲಿ. ಮನುಷ್ಯ ಒಬ್ಬರೇ, ತಲೆ ಒಂದೇ. ಇದು ನ್ಯಾಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಶಿವಮೊಗ್ಗದಲ್ಲಿ ಕೂತು ಇದನ್ನೆಲ್ಲ ಯಾಕೆ ಬರೀತೀಯ ಮಾರಾಯ ಅಂತ ಕೇಳುವವರು ಇರುತ್ತಾರೆ. ನಮ್ಮಲ್ಲೂ ಕಥೆ ಬೇರೆ ಏನಲ್ಲ, ಅದಕ್ಕೇ.

ನಮ್ಮೂರಿಗೆ ಹಾಡುಗಾರರನ್ನು ಗೌರವಿಸೋದು ಚೆನ್ನಾಗಿ ಗೊತ್ತು. ಶಿವಮೊಗ್ಗ ಸುಬ್ಬಣ್ಣ ಅವರು 'ಕಾಡು ಕುದುರೆ'ಗೆ ರಾಷ್ಟ್ರ ಪ್ರಶಸ್ತಿ ತಂದಾಗ, 2022ರಲ್ಲಿ ಅವರು ಹೋದಾಗ, ಊರಿಗೆ ಊರೇ ನಮ್ಮವರು ಅಂತು. ಹಾಗೇ ಆಗಬೇಕು. ಆದರೆ ನಿಮ್ಮ ಮನೆಯಲ್ಲಿ ಹಳೇ ಭಾವಗೀತೆ, ಭಕ್ತಿಗೀತೆ ಕ್ಯಾಸೆಟ್ ಇದ್ದರೆ ಒಳಗಿನ ಕಾಗದ ತೆಗೆದು ನೋಡಿ. ಕವಿ, ಗಾಯಕರು, ಸಂಗೀತ ಸಂಯೋಜನೆ ಇರುತ್ತದೆ. ಕೆಲವದರಲ್ಲಿ ತಬಲಾ, ಕೊಳಲು ಇರುತ್ತದೆ. ಬೇಸ್ ಗಿಟಾರ್ ಯಾರು ಅಂತ ಇರೋದು ನಾನು ನೋಡಿದ್ದು ತೀರಾ ಕಡಿಮೆ. ಎಷ್ಟೋ ಹಾಡುಗಳಲ್ಲಿ ಬೇಸ್ ಇದೆ. ಯಾರೋ ನುಡಿಸಿದ್ದಾರೆ. ಆ ಯಾರೋ ತೀರಿಕೊಂಡಾಗ ಪೇಪರಿನಲ್ಲಿ ಒಂದು ಸಾಲು ಬರೆಯೋಕೂ ದಾಖಲೆ ಇರೋದಿಲ್ಲ.

ಹೆಸರು ಹಾಕೋದು ಬರೀ ಗೌರವದ ವಿಷಯ ಅಂದುಕೊಂಡಿದ್ದರೆ ಕಾಪಿರೈಟ್ ಕಾಯ್ದೆ ನೋಡಬೇಕು. 1957ರ ಕಾಯ್ದೆ, ಅದಕ್ಕೆ 1994ರಲ್ಲೂ 2012ರಲ್ಲೂ ತಿದ್ದುಪಡಿ ಆಗಿದೆ. ಪರ್ಫಾರ್ಮರ್ ಅಂದರೆ ಯಾರು ಅನ್ನೋ ಪಟ್ಟಿ ಅದರಲ್ಲಿದೆ. ನಟರು, ಹಾಡುಗಾರರು, ವಾದ್ಯ ನುಡಿಸುವವರು, ನೃತ್ಯ ಮಾಡುವವರು, ಹಾವಾಡಿಗರು ಕೂಡ. ಪರ್ಫಾರ್ಮರ್ ಆದರೆ ಹಕ್ಕು 50 ವರ್ಷ. ವಾಣಿಜ್ಯ ಬಳಕೆಗೆ ರಾಯಲ್ಟಿ ಕೇಳಬಹುದು. ಆದರೆ 2012ರಲ್ಲಿ ಸಿನಿಮಾ ವಿಷಯಕ್ಕೆ ಒಂದು ಷರತ್ತು ಸೇರಿಸಿದರು. ಯಾರ ಕೆಲಸ ಪ್ರಾಸಂಗಿಕವೋ, ಉದ್ಯಮದ ರೂಢಿಯಂತೆ ಟೈಟಲ್ ಕಾರ್ಡೂ ಸೇರಿ ಎಲ್ಲೂ ಯಾರ ಹೆಸರು ಹಾಕುವುದಿಲ್ಲವೋ, ಅವರನ್ನು ಪರ್ಫಾರ್ಮರ್ ಅಂತ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ಅವರ ಕೆಲಸವನ್ನು ತಿರುಚಿ ಹಾಳು ಮಾಡಿದರೆ ಆಕ್ಷೇಪ ಎತ್ತಬಹುದು, ಅಷ್ಟೇ. ಈಗ ಹೇಳಿ, ಹೆಸರು ಬಿಡೋದು ಸಣ್ಣ ವಿಷಯವಾ? ಬೇಸ್ ನುಡಿಸುವವನ ಕೆಲಸ ಪ್ರಾಸಂಗಿಕ ಅಲ್ಲ ಅಂತ ನಾನು ಎಲ್ಲಿ ಬೇಕಾದರೂ ವಾದ ಮಾಡುತ್ತೇನೆ. ಆದರೆ ಹೆಸರು ಹಾಕದೇ ಇರೋದೇ ರೂಢಿ ಆಗಿಬಿಟ್ಟರೆ ವಾದ ಅರ್ಧ ಸೋತ ಹಾಗೆ.

ಆರ್ಕೆಸ್ಟ್ರಾದ ಕಥೆ ಇನ್ನೂ ಕಷ್ಟ. ಕಮಿಟಿಯವರು ಬಜೆಟ್ ಕಮ್ಮಿ ಅಂದರೆ ಮೊದಲು ಬಿಡೋದು ಬೇಸ್ ಗಿಟಾರನ್ನು. 'ಕೀಬೋರ್ಡಿನಲ್ಲಿ ಎಡಗೈಲಿ ಹೊಡೀತಾರಲ್ಲ ಸಾರ್, ಸಾಕು' ಅಂತಾರೆ. ಅಥವಾ ಪೂರ್ತಿ ಟ್ರ್ಯಾಕ್ ಹಾಕಿ ಇಬ್ಬರು ಹಾಡುಗಾರರನ್ನು ನಿಲ್ಲಿಸುತ್ತಾರೆ. ಡಿಜೆ ಬಂದ ಮೇಲೆ ಬೇಸ್ ಅಂದರೆ ಎದೆ ನಡುಗಿಸೋ ಸದ್ದು ಅಂತ ಹುಡುಗರು ತಿಳಿದುಕೊಂಡಿದ್ದಾರೆ. ಮೊಬೈಲಿನಲ್ಲೇ ಹಾಡು ಕೇಳಿ ಬೆಳೆದವರಿಗೆ ನಿಜವಾದ ಬೇಸ್ ಏನು ಅಂತ ಗೊತ್ತಾಗೋದಾದರೂ ಹೇಗೆ? ಬೇಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರ ಫೋನಿನ ಪುಟ್ಟ ಸ್ಪೀಕರಿನಿಂದ ಹೊರಗೆ ಬರೋದೇ ಇಲ್ಲ.

ಈ ಸಲ ಪ್ರಾಕ್ಟೀಸಿನಲ್ಲಿ ಒಂದು ಕೆಲಸ ಮಾಡಿದೆ. ಮಳೆ ಬಿಟ್ಟಿರಲಿಲ್ಲ. ಮಲೆನಾಡಿನ ತೇವಕ್ಕೆ ನನ್ನ ಗಿಟಾರಿನ ಕತ್ತು ಬಾಗಿ ತಂತಿ ಮೇಲೆದ್ದಿತ್ತು. ಒಳಗಿನ ರಾಡ್ ಕಾಲು ಸುತ್ತು ತಿರುಗಿಸಿ, ಒರೆಸಿ, ಶ್ರುತಿ ಮಾಡಿಕೊಂಡೆ. ನಮ್ಮ ಕೀಬೋರ್ಡ್ ಹುಡುಗ ಇದ್ದ, ಒಳ್ಳೇ ಕೈ. ಅವನಿಗೆ ಎಡಗೈ ಎತ್ತಿಬಿಡು ಅಂದೆ. ನಾನೂ ಸುಮ್ನೆ ಕೂತೆ. ನಮ್ಮ ಗಾಯಕಿ ಪಲ್ಲವಿ ಹಾಡಿದರು. ಸ್ವರ ಸರಿ ಇತ್ತು, ತಾಳ ಸರಿ ಇತ್ತು. ಚರಣಕ್ಕೆ ನಾನು ಸೇರಿಕೊಂಡೆ. ಜಾಸ್ತಿ ಏನಿಲ್ಲ, ಪ್ರತಿ ಕಾರ್ಡಿನ ಮೂಲ ಸ್ವರ, ಬದಲಾಗುವ ಕಡೆ ಒಂದು ಜಾರು.

ಅವರು ಹಾಡೋದು ನಿಲ್ಲಿಸಿ ತಿರುಗಿ ನೋಡಿದರು. 'ಈಗ ಕಾಲಡಿ ನೆಲ ಬಂದ ಹಾಗಾಯ್ತು' ಅಂದರು.

ಹುಡುಗ ಕೇಳಿದ, 'ಅಣ್ಣ, ನೀವು ಅಷ್ಟು ಕಮ್ಮಿ ನುಡಿಸಿದ್ರಿ. ಅದ್ಹೇಗೆ?'

ಫ್ಲವರ್ಸ್ ಅವರ ಆ ನಾಲ್ಕು ಸ್ವರ ತೋರಿಸಿದೆ. ಕೆಳಗಿನ ಸಾಲು ನಾನು, ಮೇಲಿನದು ಅವನು ಕೀಬೋರ್ಡಿನಲ್ಲಿ. ಆಮೇಲೆ ಪ್ರತಿ ಪ್ರಾಕ್ಟೀಸಿಗೂ ಮೊದಲು ಅದನ್ನೇ ಹೊಡೆಯೋಣ ಅಂತಾನೆ. ಜಾರು ಬೇಕು ಅಂತ ಕೀಬೋರ್ಡಿನಲ್ಲಿ ಸ್ವರ ಜಾರಿಸೋ ಪಿಚ್ ವೀಲ್ ತಿರುಗಿಸೋದು ಕಲಿತಿದ್ದಾನೆ.

ಫ್ಲವರ್ಸ್ ಕೂಡ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಸಂಗೀತ ಕಲಿಸಿದವರು. ಸ್ಟಾರ್‌ಗಳ ಜೊತೆ ನುಡಿಸಿದೆ ಅಂತ ದೂರ ನಿಲ್ಲಲಿಲ್ಲ. ಅವರ ಬಗ್ಗೆ ನನಗೆ ಬಹಳ ಹಿಡಿಸಿದ್ದು ಇದು. ದೊಡ್ಡ ಹಾಡಿಗೂ ಸಣ್ಣ ಹಾಡಿಗೂ ಒಂದೇ ಶ್ರದ್ಧೆ. ಹಾಡಿಗೆ ಏನು ಬೇಕೋ ಅಷ್ಟು, ತನ್ನ ಕೈಚಳಕ ತೋರಿಸೋಕೆ ಅಂತ ಒಂದು ಸ್ವರವೂ ಇಲ್ಲ.

ಗಣಪತಿ ಕಾರ್ಯಕ್ರಮಗಳು ಇನ್ನೂ ಮುಗಿದಿಲ್ಲ. ಮುಂದೆ ದಸರಾ, ರಾಜ್ಯೋತ್ಸವ, ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿ. ಕಮಿಟಿಯಲ್ಲಿರುವ ಗೆಳೆಯರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಬ್ಯಾನರಿನಲ್ಲಿ ಗಾಯಕರ ಫೋಟೋ ದೊಡ್ಡದಾಗಿ ಹಾಕಿ, ತಕರಾರಿಲ್ಲ. ಅದರ ಕೆಳಗೆ ಕೀಬೋರ್ಡ್, ರಿದಂ ಪ್ಯಾಡ್, ತಬಲಾ, ಗಿಟಾರ್, ಬೇಸ್, ಸೌಂಡ್ ಯಾರು ಅಂತ ಒಂದು ಸಾಲು ಹಾಕಿ. ನಿರೂಪಕರ ಕೈಗೂ ಅದೇ ಚೀಟಿ ಕೊಡಿ. ಭಾವಗೀತೆ ಆಲ್ಬಂ ಮಾಡಿ ಯೂಟ್ಯೂಬಿಗೆ ಹಾಕುವವರು ಡಿಸ್ಕ್ರಿಪ್ಶನ್‌ನಲ್ಲಿ ಎಲ್ಲರ ಹೆಸರು ಬರೆಯಿರಿ, ಅಲ್ಲಿ ಜಾಗಕ್ಕೆ ಕೊರತೆ ಇಲ್ಲ, ಖರ್ಚೂ ಇಲ್ಲ. ನಮ್ಮ ತಂಡದ ಪಟ್ಟಿ ತಯಾರಿದೆ. ಬುಕ್ ಮಾಡುವವರಿಗೆ ರೇಟಿನ ಜೊತೆ ಅದನ್ನೂ ವಾಟ್ಸಾಪ್ ಮಾಡುತ್ತೇನೆ.