ಕೂಸು ಹುಟ್ಟುವ ಮುಂಚೆ ಸಹಿ

ಅಣ್ಣನ ಮಗನನ್ನು ಧಾರವಾಡದ ಒಂದು ಕೋಚಿಂಗ್ ಕ್ಲಾಸಿಗೆ ಸೇರಿಸಲು ನಾನೂ ಹೋಗಿದ್ದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಹುಡುಗ ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಅವನಿಗೆ ಡಾಕ್ಟರ್ ಆಗುವ ಆಸೆ. ಹಾಗಂತ ಅಣ್ಣ ಹೇಳಿದ.

ಕೌಂಟರಿನಲ್ಲಿ ಎಂಟು ಪುಟದ ಫಾರ್ಮು ಕೊಟ್ಟರು. "ಪೆನ್ಸಿಲ್ ಟಿಕ್ ಇದ್ದಲ್ಲೆಲ್ಲಾ ಸಹಿ ಮಾಡ್ರಿ ಸರ್" ಅಂದ ಗುಮಾಸ್ತ. ಅಣ್ಣ ಮಾಡಿದ. ಓದಿದ್ದು ಒಂದೇ ಸಾಲು, ಅದೂ ದಪ್ಪ ಅಕ್ಷರದಲ್ಲಿತ್ತು ಅಂತ: ಕಟ್ಟಿದ ಫೀ ವಾಪಸ್ ಇಲ್ಲ.

ನನಗೆ ಚೀನಾದ ಹೆ ಜಿಯಾನ್‌ಕುಯಿ ನೆನಪಾದ. ಭ್ರೂಣದ ಜೀನ್ ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದೆ ಎಂದು 2018ರಲ್ಲಿ ಸಾರಿದನಲ್ಲ, ಆ ವಿಜ್ಞಾನಿ. ಅವನ ಹತ್ತಿರವೂ ಒಪ್ಪಿಗೆ ಪತ್ರವಿತ್ತು, 23 ಪುಟದ್ದು. ಅದರಲ್ಲಿ ಯೋಜನೆಯ ಹೆಸರು ಏಡ್ಸ್ ಲಸಿಕೆ ಅಭಿವೃದ್ಧಿ! ಚಿಗರಿ ಓಡುವ ಬಿಆರ್‌ಟಿಎಸ್ ರಸ್ತೆಗೆ ಮರ ಕಡಿದು ವನಮಹೋತ್ಸವ ಅಂದ ಹಾಗೆ.

ಸಹಿ ಹಾಕಿದ ದಂಪತಿಗಳಲ್ಲಿ ಗಂಡನಿಗೆ ಎಚ್‌ಐವಿ. ವೀರ್ಯ ತೊಳೆದು ಐವಿಎಫ್, ಅಂದರೆ ಪ್ರನಾಳ ಶಿಶು ಚಿಕಿತ್ಸೆ, ಮಾಡಿದರೆ ಕೂಸಿಗೆ ಸೋಂಕು ತಗಲದಂತೆ ತಡೆಯಬಹುದು ಅನ್ನುವುದು ಮೊದಲೇ ಗೊತ್ತಿತ್ತು. ಅವನೂ ತೊಳೆದೇ ಬಳಸಿದ. ಮತ್ತೆ ಎಚ್‌ಐವಿ ಜೀವಕೋಶದೊಳಗೆ ನುಗ್ಗುವ ಬಾಗಿಲು ಕಟ್ಟಿಕೊಡುವ ಸಿಸಿಆರ್5 ಜೀನಿಗೆ ಕತ್ತರಿ ಯಾಕೆ? ಕೇಳುವವರು ಯಾರು? ಅಲ್ಲಿ ಎಚ್‌ಐವಿ ಇದ್ದವರಿಗೆ ಐವಿಎಫ್ ಸಿಗುವುದೇ ಕಷ್ಟ, ಇವನದು ಪುಕ್ಕಟೆ. ಹಸಿದವನ ಮುಂದೆ ರೊಟ್ಟಿ ಹಿಡಿದು ಮೊದಲು ಸಹಿ ಹಾಕು ಅಂದರೆ ಅವನು ಪುಟ ಎಣಿಸುತ್ತಾನಾ?

ಪುಕ್ಕಟೆ ಅಂದೆ, ತಪ್ಪಾಯಿತು. ಆ ಪತ್ರದ ಪ್ರಕಾರ ಭ್ರೂಣ ಗರ್ಭ ಸೇರಿದ ಮೇಲೆ ಹಿಂದೆ ಸರಿದರೆ ಖರ್ಚೆಲ್ಲ ವಾಪಸ್ ಕಟ್ಟಬೇಕು. 10 ದಿನದಲ್ಲಿ ಕಟ್ಟದಿದ್ದರೆ 1 ಲಕ್ಷ ಯುವಾನ್ ದಂಡ ಬೇರೆ. ಕತ್ತರಿ ತಪ್ಪಿ ಬೇರೆ ಜೀನಿಗೆ ಬಿದ್ದರೆ ತಂಡ ಹೊಣೆಯಲ್ಲ. ಹುಟ್ಟಿದ ದಿನದ ಕೂಸಿನ ಫೋಟೋ ಮೇಲೆ ಹಕ್ಕು ಮಾತ್ರ ತಂಡದ್ದೇ. ಕೂಸಿನ ಒಪ್ಪಿಗೆ? 18 ತುಂಬಿದ ಮೇಲೆ ಕೇಳುವುದಂತೆ, ತಪಾಸಣೆ ಮುಂದುವರಿಸಲೇ ಅಂತ. ತಿದ್ದಲೇ ಅಂತ ಅಲ್ಲ, ಅದು ಆಗಿಹೋಗಿದೆ. ಆ ಕೂಸುಗಳ ಮಕ್ಕಳಿಗೂ ಆ ತಿದ್ದುಪಡಿ ಇಳಿಯಬಹುದು. ಹುಟ್ಟದ ಮೊಮ್ಮಕ್ಕಳಿಗೂ ಸೇರಿ ಅದೇ ಒಂದು ಸಹಿ. 2019ರಲ್ಲಿ ಕೋರ್ಟು ಅವನಿಗೆ 3 ವರ್ಷ ಜೈಲು ಕೊಟ್ಟಿತು.

ನಮ್ಮಲ್ಲಿ ಹೀಗೆ ತಿದ್ದಿ ಮಕ್ಕಳನ್ನು ಹುಟ್ಟಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬಿಡುವುದಿಲ್ಲ. ಬಿಟ್ಟಿದ್ದರೆ ಸೀಮಂತದ ದಿನವೇ ಪಟ್ಟಿ ತಯಾರಾಗುತ್ತಿತ್ತು. ಅಜ್ಜಿಗೆ ಬೆಳ್ಳನೆಯ ಬಣ್ಣ ಬೇಕು, ಸೋದರಮಾವನಿಗೆ ಎತ್ತರ ಬೇಕು, ಅಪ್ಪನಿಗೆ ಗಣಿತ. ಬಸುರಿ ಹೆಂಗಸಿಗೆ ಏನು ಬೇಕು ಅಂತ ಆಮೇಲೆ, ಊಟವಾದ ಮೇಲೆ, ಕೇಳಿದರೂ ಕೇಳಿದರೇ. 1994ರಲ್ಲೇ ಕಾಯ್ದೆ ಬಂದರೂ ಇವತ್ತಿಗೂ ಸ್ಕ್ಯಾನಿಂಗ್ ಸೆಂಟರಿನ ಗೋಡೆಗೆ 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಅನ್ನುವ ಬೋರ್ಡು ಬೇಕಲ್ಲ ನಮಗೆ!

ಅಣ್ಣ ಪೆನ್ನಿನ ಕ್ಯಾಪು ಹಾಕಿದ. ಹುಡುಗ ಮೊದಲ ಸಲ ಬಾಯಿ ಬಿಟ್ಟ.

"ಕಾಕಾ, ನನ್ನ ಸಹಿ ಎಲ್ಲಿ?"

ಗುಮಾಸ್ತ ನಕ್ಕ. "ನಿಂದ್ಯಾಕ ಬೇಕೋ? ಎರಡು ಫೋಟೋ ಕೊಡು ಸಾಕು. ರ‍್ಯಾಂಕ್ ಬಂದ್ರ ಬ್ಯಾನರ್‌ಗೆ ಬೇಕಾಗ್ತಾವ."